ಪಾತ್ರೆ ತೊಳೆಯುವವರ ಕೈ

ಹೊಟೇಲಿಗೆ ಬರುವ ಗಿರಾಕಿ ಬಡಿಸುವವನ ಮುಖವನ್ನು ನೋಡುತ್ತಾನೆ, ಗಲ್ಲಾದಲ್ಲಿ ಕುಳಿತವನನ್ನೂ ನೋಡುತ್ತಾನೆ. ಹಿಂಬದಿಯ ಮೋರಿಯ ಬಳಿ ಬೆಳಗಿನ ಜಾವದಿಂದ ಲೋಟ ತಟ್ಟೆಗಳನ್ನು ತೊಳೆಯುತ್ತಿರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಆ ಮನುಷ್ಯನ ಕೈಗಳ ಬಗ್ಗೆ ಇಂದು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದೆ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವೂ ಮುಂಬಯಿಯಲ್ಲಿ ಹೊಟೇಲು ನಡೆಸಿದವರು. ಆದುದರಿಂದ ಪರರನ್ನು ದೂರುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದೇ ನ್ಯಾಯ.

ಕುಂದಾಪುರದ ಕಡೆಯಿಂದ ಬಂದ ಇಪ್ಪತ್ತರ ಹರೆಯದ ಯುವಕನೊಬ್ಬನು ನಮ್ಮಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕಿದ್ದನು. ಮೂರು ನಾಲ್ಕು ತಿಂಗಳಲ್ಲಿ ಅವನ ಬೆರಳುಗಳ ನಡುವೆ ಚರ್ಮ ಕೆಂಪಾಯಿತು, ಆಮೇಲೆ ಒರಟಾಗಿ ಬಿರಿಯಿತು. ಬಿರುಕುಗಳಲ್ಲಿ ರಕ್ತ ಕಾಣಿಸಿತು. ರಾತ್ರಿ ತುರಿಕೆಯಿಂದ ನಿದ್ದೆಯಿಲ್ಲ. ಜೊತೆಯ ಕೆಲಸಗಾರರು ಅದನ್ನು ಕಜ್ಜಿಯೆಂದರು. ಅವನ ಪಕ್ಕದಲ್ಲಿ ಚಾಪೆ ಹಾಸುವುದನ್ನೂ ಬಿಟ್ಟರು. ಒಂದು ದಿನ ನೀರಿನ ಲೋಟ ತಂದಿಟ್ಟ ಆ ಕೈಯನ್ನು ಗಿರಾಕಿಯೊಬ್ಬರು ಕಂಡು ಮುಖ ಸಿಂಡರಿಸಿದರು. ಅಂದೇ ಸಾಯಂಕಾಲ ನಾವು ಲೆಕ್ಕ ಮುಗಿಸಿ ಅವನನ್ನು ಊರಿಗೆ ಕಳುಹಿಸಿದೆವು. “ಧಣಿಗಳೇ, ಊರಿಗೆ ಹೋಯಿ ಎಂತ ಹೇಳೂದು?” ಎಂದು ಅವನು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಊರಿನಲ್ಲಿ ಆರೇಳು ವಾರಗಳೊಳಗೆ ಅವನ ಕೈ ವಾಸಿಯಾಯಿತೆಂದು ಮುಂದೆ ತಿಳಿಯಿತು. ಅದೇ ಹೊತ್ತಿಗೆ ಇಲ್ಲಿ ಅವನ ಜಾಗಕ್ಕೆ ಬಂದವನ ಕೈಯೂ ಬಿರಿಯತೊಡಗಿತು. ಆಗ ನಮ್ಮ ಕಣ್ಣು ತೆರೆಯಿತು. ಮೋರಿಯೂ ಅದೇ, ಸೋಡಾ ಬೆರೆಸಿದ ಪುಡಿಯೂ ಅದೇ, ದೋಷ ಹುಡುಗನದಾಗಿರಲಿಲ್ಲ.

ಇದನ್ನು ವೈದ್ಯರು ಡರ್ಮಟೈಟಿಸ್ ಎನ್ನುತ್ತಾರೆ, ನಮ್ಮ ಹಿರಿಯರು ಇಸಬು ಎನ್ನುತ್ತಿದ್ದರು. ನಾವು ಎಸ್.ಎಸ್.ಎಲ್.ಸಿ.ಯಿಂದಾಚೆಗೆ ಓದಿದವರಲ್ಲ, ವೈದ್ಯರಿಂದ ಕೇಳಿ ತಿಳಿದುದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇವೆ. ಹದಗೊಂಡ ದೋಸೆಕಾವಲಿಯನ್ನು ಯಾವ ಭಟ್ಟರೂ ಪುಡಿ ಹಾಕಿ ಉಜ್ಜಗೊಡುವುದಿಲ್ಲ. ಉಜ್ಜಿದರೆ ಅದರ ಎಣ್ಣೆಯ ಪಸೆ ಹೋಗಿ ದೋಸೆ ಏಳುವುದಿಲ್ಲ. ಮತ್ತೆ ಹದಕ್ಕೆ ತರಲು ದಿನಗಳು ಬೇಕು. ನಮ್ಮ ಚರ್ಮದ ಮೇಲ್ಪದರದಲ್ಲಿಯೂ ಅಂತಹ ಜಿಡ್ಡಿನ ಪಸೆಯಿದೆ. ಬಿಸಿನೀರು, ಸಾಬೂನು, ಸೋಡಾ ದಿನವಿಡೀ ತಗಲಿದರೆ ಅದು ಕರಗಿಹೋಗುತ್ತದೆ. ಒಳಗಿನ ತೇವ ಹೊರಗೆ ಆರುತ್ತದೆ, ಹೊರಗಿನ ಕಾರ ಒಳಗೆ ಇಳಿಯುತ್ತದೆ. ಉರಿ, ತುರಿಕೆ, ಬಿರುಕು ಇವೆಲ್ಲ ಅದರ ಫಲ. ಭಟ್ಟರು ಕಾವಲಿಗೆ ತೋರುವ ಕರುಣೆಯನ್ನು ನಾವು ಕೆಲಸಗಾರನ ಕೈಗೆ ತೋರಿರಲಿಲ್ಲ.

ಇದು ಅಂಟುರೋಗವಲ್ಲ. ಈ ಮಾತನ್ನು ಹೊಟೇಲು ಕೋಣೆಗಳಲ್ಲಿ ಒಟ್ಟಾಗಿ ಮಲಗುವ ನಮ್ಮ ಬಂಧುಗಳು ಮನಸ್ಸಿಗೆ ತಂದುಕೊಳ್ಳಬೇಕು. ನಿಜವಾದ ಕಜ್ಜಿ ಬೇರೆ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಉಂಟುಮಾಡುತ್ತದೆ. ಜೊತೆಗೆ ಮಲಗುವವರಿಗೂ ತುರಿಕೆ ಹತ್ತುತ್ತದೆ, ಎಲ್ಲರೂ ಒಮ್ಮೆಗೇ ಔಷಧಿ ಹಚ್ಚಿಕೊಳ್ಳಬೇಕಾಗುತ್ತದೆ. ಗಜಕರ್ಣವೂ ಬೇರೆ, ಅದು ಬೂಷ್ಟಿನ ಜಾತಿಯದು. ಕೈ ರಜೆಯಲ್ಲಿ ವಾಸಿಯಾಗಿ ಕೆಲಸಕ್ಕೆ ಮರಳಿದೊಡನೆ ಮತ್ತೆ ಕೆರಳಿದರೆ, ಕೆಲಸದಿಂದಲೇ ಬಂದ ಇಸಬೆಂದು ಬಲವಾಗಿ ಶಂಕಿಸಬಹುದು. ಆದರೆ ತೀರ್ಮಾನ ವೈದ್ಯರದೇ ಆಗಿರಲಿ.

ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಯಾವುದೋ ಒಂದು ವಸ್ತು ಒಬ್ಬನ ಮೈಗೆ ಒಗ್ಗುವುದಿಲ್ಲ, ಬೇರೆಯವರಿಗೆ ಅದರಿಂದ ಏನೂ ಆಗುವುದಿಲ್ಲ. ಬೆಳ್ಳುಳ್ಳಿ ಸುಲಿಯುವವರಲ್ಲಿ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಗಳೇ ಬಿರಿಯುವುದುಂಟು. ಎಸಳನ್ನು ಹಿಡಿಯುವ ಕೈ ಅದು ತಾನೇ! ಗುಮಾಸ್ತ ಬಂಧುಗಳಲ್ಲಿ ಕೈಗಡಿಯಾರದ ಪಟ್ಟಿಯ ಕೆಳಗೆ, ಹೊಕ್ಕುಳ ಬಳಿ ಬೆಲ್ಟಿನ ಕೊಂಡಿ ತಾಗುವಲ್ಲಿ ತುರಿಕೆ ಎದ್ದರೆ ಆ ಲೋಹದಲ್ಲಿರುವ ನಿಕ್ಕಲ್ ಕಾರಣವಾಗಿರಬಹುದು. ಚರ್ಮವೈದ್ಯರು ಶಂಕಿತ ವಸ್ತುಗಳನ್ನು ಪಟ್ಟಿಯಲ್ಲಿರಿಸಿ ಬೆನ್ನಿಗೆ ಅಂಟಿಸಿ, 48 ತಾಸುಗಳ ಮೇಲೆ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ನೋಡಿ ಕಾರಣವನ್ನು ಪತ್ತೆಹಚ್ಚುತ್ತಾರೆ.

ನಮಗೆ ಹೆಚ್ಚು ಭಯ ಹುಟ್ಟಿಸಿರುವುದು ಅಂಗಡಿಯ ಟ್ಯೂಬು. ತುರಿಕೆಯೆಂದೊಡನೆ ಔಷಧಿ ಅಂಗಡಿಗೆ ಹೋಗಿ “ಒಂದು ಟ್ಯೂಬು ಕೊಡಿ” ಎನ್ನುವ ಚಾಳಿ ನಮ್ಮವರಲ್ಲಿ ಬೇರೂರಿದೆ. ಅಲ್ಲಿ ಸಿಗುವುದು ಬಹುಮಟ್ಟಿಗೆ ಸ್ಟೆರಾಯ್ಡನ್ನೂ ಬೂಷ್ಟಿನ ಔಷಧಿಯನ್ನೂ ಮತ್ತೊಂದನ್ನೂ ಕಲಸಿದ ಮುಲಾಮು. ಎರಡು ದಿನ ಸುಖವೆನಿಸುತ್ತದೆ. ಗಜಕರ್ಣಕ್ಕೆ ಅದನ್ನು ಹಚ್ಚಿದರೆ ರೋಗ ಮರೆಯಲ್ಲಿ ಹರಡಿ, ಮುಂದೆ ಸರಿಯಾದ ಔಷಧಿಗೂ ಬೇಗ ಬಗ್ಗದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ತೆಳ್ಳಗಾಗುತ್ತದೆ. ಸ್ಟೆರಾಯ್ಡ್ ಮುಲಾಮುಗಳಲ್ಲಿ 14 ಬಗೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರವು 2018ರಲ್ಲಿ ಕಟ್ಟು ಮಾಡಿತು. ಚೀಟಿ ಕೇಳುವ ಅಂಗಡಿ ಎಷ್ಟಿದೆಯೆಂಬುದನ್ನು ಓದುಗರೇ ಬಲ್ಲರು. ಹಾಗೆಂದು ಸ್ಟೆರಾಯ್ಡ್ ಎಂಬ ಹೆಸರಿಗೇ ಹೆದರಬೇಕಾಗಿಲ್ಲ. ವೈದ್ಯರು ನೋಡಿ, ಇಷ್ಟು ದಿನ, ಇಷ್ಟು ಪ್ರಮಾಣ ಎಂದು ಹೇಳಿಕೊಟ್ಟಾಗ ಕೈಯ ಇಸಬಿಗೆ ಅದೇ ಒಳ್ಳೆಯ ಔಷಧಿ.

ದಿನನಿತ್ಯದ ಆರೈಕೆಗೆ ಹೆಚ್ಚು ಖರ್ಚಿಲ್ಲ. ಕುದಿಯುವಂತಹ ನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಉಂಗುರವನ್ನು ತೆಗೆದಿಡಬೇಕು, ಅದರಡಿಯಲ್ಲಿ ಸಾಬೂನು ನಿಂತು ಚರ್ಮವನ್ನು ತಿನ್ನುತ್ತದೆ. ಕೈ ತೊಳೆದ ಮೇಲೆ ಬೆರಳುಗಳ ನಡುವೆ ಒರೆಸಿ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು; ಮಲಗುವಾಗ ದಪ್ಪಗೆ ಹಚ್ಚಬೇಕು. ರಬ್ಬರಿನ ಕೈಚೀಲದ ಒಳಗೆ ಹತ್ತಿಯ ತೆಳು ಕೈಚೀಲವಿರಬೇಕು, ಇಲ್ಲವಾದರೆ ಬೆವರೇ ವೈರಿಯಾಗುತ್ತದೆ. ತೂತು ಬಿದ್ದುದನ್ನು ಎಸೆಯಬೇಕು. ಕೆಲವರಿಗೆ ರಬ್ಬರೇ ಒಗ್ಗುವುದಿಲ್ಲ, ಅವರು ವೈದ್ಯರನ್ನು ಕೇಳಿ ಬೇರೆ ಬಗೆಯದನ್ನು ತೊಡಬೇಕು. ಬಿರುಕಿಗೆ ಸುಣ್ಣ, ಲಿಂಬೆರಸ, ನೀರು ಬೆರೆಸದ ಡೆಟ್ಟಾಲು ಹಾಕುವ ವೀರರೂ ನಮ್ಮಲ್ಲಿದ್ದಾರೆ, ದಯವಿಟ್ಟು ಬೇಡ. ಕೀವು, ಬಾವು, ಜ್ವರ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕೈ ನುಣುಪಾಯಿತೆಂದು ಮರುದಿನವೇ ಆರೈಕೆ ಬಿಡಕೂಡದು. ಮೇಲೆ ವಾಸಿಯಾದಂತೆ ಕಂಡರೂ ಒಳಗಿನ ಪಸೆ ಕೂಡಿಕೊಳ್ಳಲು ತಿಂಗಳುಗಳು ಬೇಕಾಗುತ್ತವೆ.

ಆದರೆ ಇಷ್ಟನ್ನೂ ಕೆಲಸಗಾರನ ತಲೆಗೆ ಹೊರಿಸಿ ಮಾಲಿಕರು ಪಾರಾಗುವಂತಿಲ್ಲ. ಜರ್ಮನಿಯಲ್ಲಿ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ಕೈ ನೀರಿನಲ್ಲಿರುವ ಉದ್ಯೋಗವನ್ನು ‘ಒದ್ದೆ ಕೆಲಸ’ವೆಂದು ಗುರುತಿಸಿ ರಕ್ಷಣೆಯ ನಿಯಮಗಳನ್ನು ಮಾಡಿದ್ದಾರೆ. ನಮ್ಮ ಮೋರಿಯಲ್ಲಿ ಎಂಟು ಹತ್ತು ತಾಸು ಸಾಮಾನ್ಯ. ಎರಡು ಜೊತೆ ಕೈಚೀಲದ ಬೆಲೆ ನಾಲ್ಕಾರು ಮಸಾಲೆ ದೋಸೆಗಳಷ್ಟಾಗದು. ಒಬ್ಬನನ್ನೇ ದಿನವಿಡೀ ಮೋರಿಯಲ್ಲಿ ನಿಲ್ಲಿಸದೆ ಮೇಜು ಒರೆಸುವುದು, ಸಾಮಾನು ತರುವುದು ಎಂದು ಕೆಲಸ ಬದಲಿಸಿಕೊಟ್ಟರೆ ಖರ್ಚೇ ಇಲ್ಲ. ಒಡೆದು ನೀರು ಸುರಿಯುವ ಕೈ ಅನ್ನವನ್ನು ಮುಟ್ಟಬಾರದೆಂಬುದು ಸರಿ, ಗಿರಾಕಿಯ ಆರೋಗ್ಯವೂ ನಮ್ಮ ಹೊಣೆಯೇ. ಅದಕ್ಕೆ ಉಪಾಯ ಅವನನ್ನು ಬಸ್ಸು ಹತ್ತಿಸುವುದಲ್ಲ, ವಾಸಿಯಾಗುವ ತನಕ ಸಂಬಳ ಕಡಿಯದೆ ಒಣ ಕೆಲಸ ಕೊಡುವುದು. ಉದ್ಯೋಗದಿಂದ ಬರುವ ಚರ್ಮರೋಗವು ನೌಕರರ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಸೇರಿದೆ. ಅದು ದಯೆಯ ವಿಷಯ ಮಾತ್ರವಲ್ಲವೆಂದು ಮಾಲಿಕರೂ ನೌಕರರೂ ತಿಳಿದಿರಲಿ.

ಒಂದು ತೊಡಕು ಉಳಿಯಿತು. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮವೈದ್ಯರು ಹೊರರೋಗಿಗಳನ್ನು ನೋಡುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು. ಹೊಟೇಲಿನಲ್ಲಿ ಇಡ್ಲಿ ವಡೆಯ ಸಂದಣಿಯ ಹೊತ್ತೂ ಅದೇ. ಕೆಲಸಗಾರನಿಗೆ ಬಿಡುವು ಮಧ್ಯಾಹ್ನ ಮೂರರಿಂದ ಐದು. ಕೈ ತೋರಿಸಲು ಹೋಗುವವನಿಗೆ ಮಾಲಿಕರು ಆ ಒಂದು ಬೆಳಗನ್ನು ಸಂಬಳ ಸಹಿತ ಬಿಟ್ಟುಕೊಡಬೇಕು. ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳನ್ನು ಚೆನ್ನಾಗಿ ನಡೆಸುವ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ಒಬ್ಬ ಚರ್ಮವೈದ್ಯರನ್ನು ಕರೆಸಿ, ಭಾನುವಾರವನ್ನು ಬಿಟ್ಟು ವಾರದ ಯಾವುದಾದರೂ ದಿನ, ಮಧ್ಯಾಹ್ನ ಮೂರು ಗಂಟೆಗೆ ಶಿಬಿರವಿಡಲಿ.