ಪ್ರಕಟಣೆ ಓದುವವರಿಗಾಗಿ

ದಿವ್ಯ ಬಲಿಪೂಜೆಯಲ್ಲಿ ಪರಮಪ್ರಸಾದದ ನಂತರದ ಮೌನ ಮುಗಿದು, ಅಂತಿಮ ಆಶೀರ್ವಾದಕ್ಕೆ ಇನ್ನೆರಡು ನಿಮಿಷ ಉಳಿದಿರುವಾಗ ಒಬ್ಬರು ಎದ್ದು ಧ್ವನಿವರ್ಧಕದ ಬಳಿಗೆ ಬರುತ್ತಾರೆ. ಅವರ ಕೈಯಲ್ಲೊಂದು ಚೀಟಿ. ಮೊದಲ ಶುಕ್ರವಾರದ ಆರಾಧನೆ, ಮಕ್ಕಳ ಧರ್ಮೋಪದೇಶ ತರಗತಿ, ಎರಡನೆಯ ಸಲದ ವಿವಾಹ ಪ್ರಕಟಣೆ, ಸಮಾಧಿಭೂಮಿಯ ಸ್ವಚ್ಛತೆಗೆ ಪ್ರತಿ ಮನೆಯಿಂದ ಒಬ್ಬರು ಬರಬೇಕೆಂಬ ವಿನಂತಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಅರ್ಧ ಮಂದಿಯ ಮನಸ್ಸು ಹೊರಗೆ ಬಿಟ್ಟ ಚಪ್ಪಲಿಯ ಮೇಲಿರುತ್ತದೆ. ಓದಿದವರು ಚೀಟಿ ಮಡಚಿ ಜೇಬಿಗಿಟ್ಟು ತಮ್ಮ ಜಾಗಕ್ಕೆ ಮರಳುತ್ತಾರೆ. "ಎಷ್ಟು ಗಂಟೆಗೆ ಅಂದರು?" ಎಂದು ಅಂಗಳದಲ್ಲಿ ಅವರನ್ನೇ ಹತ್ತು ಜನ ಕೇಳುತ್ತಾರೆ.

ಪ್ರಿಯ ವಾಚಕರೇ, ಈ ವಾರ ಅವರನ್ನು ಕುರಿತು, ಹಾಗೂ ಅವರನ್ನೇ ಉದ್ದೇಶಿಸಿ, ನಾಲ್ಕು ಮಾತು ಬರೆಯಬೇಕೆನಿಸಿದೆ. ಪ್ರಕಟಣೆ ಓದುವವರು ಒಬ್ಬರೇ ಅಲ್ಲ. ದೇವಾಲಯದ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವವರಿದ್ದಾರೆ. ಧರ್ಮಕೇಂದ್ರದ ವಾಟ್ಸಾಪ್ ಗುಂಪನ್ನು ನೋಡಿಕೊಳ್ಳುವ ಯುವತಿ ಇದ್ದಾಳೆ. ಹಬ್ಬದ ವರದಿಯನ್ನು ಪತ್ರಿಕೆಗೆ ಕಳುಹಿಸುವ ನಿವೃತ್ತ ಉಪಾಧ್ಯಾಯರಿದ್ದಾರೆ. 2020ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಬಲಿಪೂಜೆಯನ್ನು ನಮ್ಮ ಮನೆಗಳಿಗೆ ತಲುಪಿಸಿದ ಹುಡುಗರಿದ್ದಾರೆ. ಇವರೆಲ್ಲರ ಕೆಲಸಕ್ಕೆ ಒಂದು ಸಮಾನ ಲಕ್ಷಣವುಂಟು. ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳದು. ತಪ್ಪಿದಾಗ ಮಾತ್ರ ಇಡೀ ಊರಿಗೆ ಗೊತ್ತಾಗುವುದು. "ನನಗೆ ಸಾಕಾಗಿದೆ, ಬೇರೆ ಯಾರಾದರೂ ನೋಡಿಕೊಳ್ಳಲಿ" ಎಂಬ ಮಾತನ್ನು ಇಂಥವರ ಬಾಯಲ್ಲಿ ನಾನು ಎಷ್ಟೋ ಬಾರಿ ಕೇಳಿದ್ದೇನೆ. ಒಮ್ಮೆ ನನ್ನ ಬಾಯಿಂದಲೂ ಬಂದದ್ದುಂಟು.

ಧರ್ಮಸಭೆ ಈ ಸೇವೆಯನ್ನು ಎಷ್ಟು ಎತ್ತರದಲ್ಲಿಟ್ಟಿದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಮೊದಲ ಎರಡು ದಸ್ತಾವೇಜುಗಳು ಒಂದೇ ದಿನ, 1963ರ ಡಿಸೆಂಬರ್ 4ರಂದು, ಬೆಳಕಿಗೆ ಬಂದವು. ಮೊದಲನೆಯದು ದೈವಾರಾಧನೆಯನ್ನು ಕುರಿತದ್ದು. ಲತೀನಿನಲ್ಲಿದ್ದ ಪೂಜೆ ನಮ್ಮ ನಮ್ಮ ಭಾಷೆಗಳಿಗೆ ಬರಲು ದಾರಿ ತೆರೆದದ್ದು ಅದೇ. ಎರಡನೆಯದು ಸಾಮಾಜಿಕ ಸಂಪರ್ಕ ಮಾಧ್ಯಮಗಳನ್ನು ಕುರಿತದ್ದು. ಈ ಎರಡನೆಯದಕ್ಕೆ 164 ಮಂದಿ ಪಿತೃಗಳು ವಿರೋಧವಾಗಿ ಮತ ಹಾಕಿದರೆಂಬುದನ್ನೂ ಹೇಳಿಬಿಡುತ್ತೇನೆ. ಸಂಪರ್ಕದ ಕೆಲಸಕ್ಕೆ ಟೀಕೆ ಅಂದಿನಿಂದಲೇ ಜೊತೆಗಿದೆ! ಅದರ ಫಲವಾಗಿ 1967ರಿಂದ ಪ್ರತಿ ವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನಾಚರಣೆ ನಡೆದುಬಂದಿದೆ. ಪೂಜೆ ನಮ್ಮ ಭಾಷೆಯಲ್ಲಿ ಕೇಳಬೇಕೆಂದು ಹೇಳಿದ ದಿನವೇ, ವಾರ್ತೆ ಜನರಿಗೆ ಮುಟ್ಟಬೇಕೆಂದೂ ಧರ್ಮಸಭೆ ಹೇಳಿತು. ಬಲಿಪೀಠಕ್ಕೂ ಬಾಗಿಲ ಬಳಿಯ ಹಲಗೆಗೂ ಇರುವ ಸಂಬಂಧ ನನಗೆ ಇಲ್ಲಿ ಕಾಣುತ್ತದೆ.

ಇದಕ್ಕಿಂತ ಹಳೆಯ ಸಾಕ್ಷಿಯೂ ಇದೆ. ರೋಮ್ ನಗರದ ಕ್ರೈಸ್ತರಿಗೆ ಸಂತ ಪೌಲರು ಬರೆದ ಮಹಾಪತ್ರವನ್ನು ಅವರ ಕೈಯೇ ಬರೆಯಲಿಲ್ಲ. ಅವರು ಹೇಳುತ್ತಾ ಹೋದರು, ತೆರ್ತ್ಯನೆಂಬವನು ಬರೆದುಕೊಂಡನು. ಹದಿನಾರು ಅಧ್ಯಾಯಗಳಷ್ಟು ಬರೆದ ಮೇಲೆ ಕೊನೆಯಲ್ಲಿ ಒಂದೇ ಒಂದು ವಾಕ್ಯದಲ್ಲಿ ತನ್ನ ವಂದನೆಯನ್ನೂ ಸೇರಿಸಿದನು. ಅವನ ಬಗ್ಗೆ ಶ್ರೀಗ್ರಂಥ ಹೇಳುವುದು ಅಷ್ಟೆ. ಅದೇ ಅಧ್ಯಾಯದ ಆರಂಭದಲ್ಲಿ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಆದರದಿಂದ ಬರಮಾಡಿಕೊಳ್ಳಿರೆಂದು ಪೌಲರು ಕೋರುತ್ತಾರೆ. ಪತ್ರವನ್ನು ರೋಮಿಗೆ ಒಯ್ದವಳು ಅವಳೇ ಎಂದು ಬಹುತೇಕ ಪಂಡಿತರು ಭಾವಿಸುತ್ತಾರೆ. ಗಂಟೆಗಟ್ಟಲೆ ಬರೆದ ತೆರ್ತ್ಯ ನಡುವೆ ಎಲ್ಲಾದರೂ ಬೇಸತ್ತನೋ ಏನೋ! ಹಡಗಿನಲ್ಲೂ ಕಾಲ್ನಡಿಗೆಯಲ್ಲೂ ಆ ಓಲೆಯನ್ನು ಒಯ್ದವರು ದಾರಿಯಲ್ಲಿ ಕಳೆದುಬಿಟ್ಟಿದ್ದರೆ ಗತಿಯೇನು? ಹಲಗೆಯ ಮೇಲೆ ಬರೆಯುವ ಅಣ್ಣನೇ, ನಿನ್ನ ವಂಶ ಅಷ್ಟು ಹಳೆಯದು.

ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವು. ನಗರದ ದೊಡ್ಡ ಧರ್ಮಕೇಂದ್ರದಲ್ಲಿ ಒಂದು ಸಲ ಓದಿದರೆ ಸಾವಿರ ಜನಕ್ಕೆ ಕೇಳುತ್ತದೆ. ನಮ್ಮಲ್ಲಿ ಕುಟುಂಬಗಳು ಚದುರಿ ಹೋಗಿವೆ; ಒಂದು ಊರಿನಲ್ಲಿ ನಾಲ್ಕು ಮನೆ, ಆರು ಮೈಲಿ ಆಚೆ ಒಂದು ಮನೆ. ಭಾಷೆಯೂ ಒಂದಲ್ಲ. ಮುಳಬಾಗಿಲಿನ ಗಡಿಯತ್ತ, ಶ್ರೀನಿವಾಸಪುರದ ಮಾವಿನ ತೋಪುಗಳ ಊರುಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನಿಂದ ಕೆಲಸ ಹುಡುಕಿ ಬೇರೆ ಊರು ಸೇರಿದ ಕುಟುಂಬಗಳಲ್ಲಿ ಜಪಸರ ನಡೆಯುವುದು ತಮಿಳಿನಲ್ಲಿ. ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದವರಲ್ಲಿ ನಮ್ಮ ವಿಶ್ವಾಸದವರು ಇದ್ದರೆ, ಅವರಿಗೆ ಈ ಮೂರೂ ಭಾಷೆ ಬಾರದು. ಕನ್ನಡದ ಒಂದು ಪ್ರಕಟಣೆ ಇವರೆಲ್ಲರಿಗೂ ಮುಟ್ಟಬೇಕಾದರೆ ಓದಿದವನ ಕೆಲಸ ಓದಿದ ಮೇಲೆಯೇ ಆರಂಭವಾಗುತ್ತದೆ.

ಈ ಸೀಮೆಯಿಂದ ಸುದ್ದಿ ಬರೆದ ಹಿರಿಯರು ನಮಗಿಂತ ಮುಂಚೆಯೂ ಇದ್ದರು. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ಪಾಂಡಿಚೇರಿಯಿಂದ ಒಳನಾಡಿಗೆ ಬಂದು ಕರ್ನಾಟಿಕ್ ಮಿಷನ್ ಕಟ್ಟಿದರು. ನಮ್ಮ ಗಡಿಯಾಚೆಯ ಪುಂಗನೂರು, 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಚಿಕ್ಕಬಳ್ಳಾಪುರ ಅವರ ಕಾರ್ಯಕ್ಷೇತ್ರದ ಊರುಗಳು. ತೆಲುಗು ಕಲಿತು, ಇಲ್ಲಿಯ ಜನರಂತೆ ಉಂಡು ಉಟ್ಟು, ಅವರು ಸ್ವದೇಶಕ್ಕೆ ಪತ್ರಗಳನ್ನು ಬರೆದರು. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಿಸಿದ ಆ ಪತ್ರಗಳು 1702ರಿಂದ 1776ರವರೆಗೆ ಪ್ಯಾರಿಸಿನಲ್ಲಿ 34 ಸಂಪುಟಗಳಾಗಿ ಹೊರಬಂದ ಮಿಷನರಿ ಪತ್ರಮಾಲೆಯಲ್ಲಿ ಅಚ್ಚಾದವು. ಅವುಗಳಿಂದ ನಾವು ಕಲಿಯಬೇಕಾದದ್ದು ಎರಡು ವಿಧದಲ್ಲಿದೆ. ಅವರು ಕಷ್ಟದಲ್ಲಿಯೂ ಬರೆದರು ಎಂಬುದು ಒಂದು. ಇನ್ನೊಂದು, ಭಕ್ತಿ ಹುಟ್ಟಿಸಬೇಕೆಂಬ ಉದ್ದೇಶದಿಂದ ಪ್ಯಾರಿಸಿನ ಸಂಪಾದಕರು ಆ ಪತ್ರಗಳನ್ನು ತಿದ್ದಿ ತೀಡಿದ್ದರಿಂದ ಇತಿಹಾಸಕಾರರು ಇಂದಿಗೂ ಅವನ್ನು ಎಚ್ಚರದಿಂದ ಓದುತ್ತಾರೆ. ನಮ್ಮ ವರದಿಗಳಿಗೂ ಈ ರೋಗವಿದೆ. ಐವತ್ತು ಜನ ಸೇರಿದ ಹಬ್ಬ "ಅತಿ ವಿಜೃಂಭಣೆಯಿಂದ" ನೆರವೇರುತ್ತದೆ. ಭಾಷಣ ಮಾಡಿದವರೆಲ್ಲ "ಮನಮುಟ್ಟುವಂತೆ" ಮಾತನಾಡುತ್ತಾರೆ. ಐವತ್ತು ಜನ ಎಂದು ಬರೆದರೆ ತಪ್ಪೇನು? ಶ್ರೀನಿವಾಸಪುರದಂಥ ತಾಲ್ಲೂಕಿನಲ್ಲಿ ಐವತ್ತು ಜನ ಒಂದೆಡೆ ಸೇರಿ ಪ್ರಾರ್ಥಿಸುವುದು ಸಣ್ಣ ಮಾತಲ್ಲ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದಲ್ಲಿ ಪ್ರಕಟಣೆಯ ಹೊಣೆ ನನ್ನ ಮೇಲಿತ್ತು. ಗಾರೆ ಕೆಲಸದ ವೃದ್ಧರೊಬ್ಬರು ತೀರಿಕೊಂಡರು. ಅಂತ್ಯಸಂಸ್ಕಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತಾಯಿತು. ಅವರ ಅಕ್ಕ ಮುಳಬಾಗಿಲಿನ ಆಚೆ ಒಂದು ಹಳ್ಳಿಯಲ್ಲಿದ್ದರು, ಅವರಿಗೆ ಫೋನಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿ ಹೇಳಿಸಿದೆ. ಆಮೇಲೆ ಸಮಯ ಮಧ್ಯಾಹ್ನ ಹನ್ನೆರಡಕ್ಕೆ ಬದಲಾಯಿತು. ಗುಂಪಿಗೆ ಕೂಡಲೇ ಸಂದೇಶ ಹಾಕಿದೆ. "ಎಲ್ಲರಿಗೂ ತಿಳಿಸಿದ್ದೇನೆ" ಎಂದು ಗುರುಗಳಿಗೂ ಹೇಳಿದೆ. ಮೂರು ಗಂಟೆಯ ಹೊತ್ತಿಗೆ ಆ ಅಕ್ಕ ಕೈಯಲ್ಲಿ ಹೂವಿನ ಹಾರ ಹಿಡಿದು ಸಮಾಧಿಭೂಮಿಯ ಬಾಗಿಲಿಗೆ ಬಂದರು. ಮಣ್ಣು ಆಗಲೇ ಮುಚ್ಚಿತ್ತು. ಅವರು ಅಳಲಿಲ್ಲ, ಬೈಯಲೂ ಇಲ್ಲ. "ನಾಕೆವರೂ ಚೆಪ್ಪಲೇದೇ, ನಾಯನಾ" ಎಂದರು. ಯಾರೂ ಹೇಳಲಿಲ್ಲವಲ್ಲಾ ಎಂಬ ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಫೋನಿನ ಪರದೆಯಲ್ಲಿ ನನ್ನ ಸಂದೇಶದ ಕೆಳಗೆ ಮೂವತ್ತು ಜನ ಕೈಮುಗಿದ ಚಿತ್ರಗಳನ್ನು ಹಾಕಿದ್ದರು.

ಇನ್ನು ಈ ಕೆಲಸ ಬೇಡವೆಂದು ಗುರುಗಳ ಬಳಿ ಹೋದೆ. ಅವರು ರಾಜೀನಾಮೆಯ ಮಾತನ್ನೇ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತನೆಯ ದಿನದ ಪೂಜೆಯ ಸಮಯವನ್ನು ಆ ತಾಯಿಗೆ ನೀನೇ ಹೋಗಿ ಹೇಳಿ ಬಾ, ಫೋನ್ ಮಾಡಬೇಡ, ಎಂದರು. ಎರಡು ಬಸ್ಸು ಬದಲಿಸಿ ಹೋದೆ. ಒಂದು ವಾಕ್ಯ ಹೇಳುವುದಕ್ಕೆ ಅರ್ಧ ದಿನ ಬೇಕಾಯಿತು. ಆಕೆ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ತಮ್ಮನ ಬಾಲ್ಯದ ಕಥೆಗಳನ್ನು ಹೇಳಿದರು. ಅವರ ತಮ್ಮ ದೇವಾಲಯದ ಗೋಡೆಗೆ ಗಾರೆ ಮಾಡಿದವರೆಂಬುದು ನನಗೆ ತಿಳಿದದ್ದು ಆಗಲೇ. ನಾನು ಓದಿದ ಮರಣ ಪ್ರಕಟಣೆಯಲ್ಲಿ ಅದಿರಲಿಲ್ಲ. ಕೇಳಿಸಿಕೊಳ್ಳದೆ ಹೇಳಹೊರಟವನ ಪ್ರಕಟಣೆ ಹಾಗೆಯೇ ಇರುತ್ತದೆ. ಹೃದಯದ ಕಿವಿಯಿಂದ ಆಲಿಸುವುದನ್ನೇ ಜಗದ್ಗುರು ಫ್ರಾನ್ಸಿಸರು 2022ರ ಸಂಪರ್ಕ ದಿನದ ಸಂದೇಶಕ್ಕೆ ವಿಷಯವಾಗಿ ಆರಿಸಿಕೊಂಡಾಗ ನನಗೆ ಆ ಜಗಲಿ ನೆನಪಾಯಿತು. 1951ರಲ್ಲಿ ದೂರಸಂಪರ್ಕ ಕಾರ್ಯಕರ್ತರ ಪಾಲಕನೆಂದು ಘೋಷಿತನಾದ ಗಬ್ರಿಯೇಲ ದೂತನೂ ನಜರೇತಿನಲ್ಲಿ ಸುದ್ದಿ ಒಪ್ಪಿಸಿ ಓಡಿಹೋಗಲಿಲ್ಲ. ಮರಿಯಮ್ಮನವರ ಪ್ರಶ್ನೆಗೆ ನಿಂತನು, ಉತ್ತರಿಸಿದನು, ಅವರ ಒಪ್ಪಿಗೆಯ ನಂತರವೇ ಹೊರಟನು.

ಹೇಳುವುದರಷ್ಟೇ ಕಠಿಣವಾದದ್ದು ಹೇಳದೆ ತಡೆದಿಡುವುದು. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ, ಮನೆಮನೆಗೆ ಹಂಚಲು ತಂದಿದ್ದ ಕ್ರೈಸ್ತ ಪುಸ್ತಕಗಳನ್ನು ಸುಟ್ಟ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ ಮತಾಂತರ ಕುರಿತ ಕಾಯ್ದೆ ಬಂತು. ಅಂಥ ದಿನಗಳಲ್ಲಿ ಫೋನಿಗೆ ಚಿತ್ರಗಳ ಮಳೆ ಸುರಿಯುತ್ತದೆ. ಯಾವುದು ನಮ್ಮೂರಿನದು, ಯಾವುದು ಬೇರೆ ರಾಜ್ಯದ್ದು, ಯಾವುದು ಐದು ವರ್ಷ ಹಳೆಯದು ಎಂದು ಯಾರಿಗೂ ತಿಳಿಯದು. "ಎಲ್ಲರಿಗೂ ಕಳುಹಿಸಿ" ಎಂದು ಕೆಳಗೆ ಬರೆದಿರುತ್ತದೆ. ಗುಂಪು ನೋಡಿಕೊಳ್ಳುವ ಆ ಇಪ್ಪತ್ತೆರಡರ ಯುವತಿಯ ಬೆರಳಿನ ತುದಿಯಲ್ಲಿ ಆ ಕ್ಷಣ ಎಷ್ಟು ಮನೆಗಳ ನೆಮ್ಮದಿ ಇರುತ್ತದೆ, ನೋಡಿ! ಕಳುಹಿಸಿದರೆ ಭಯ ಹರಡುತ್ತದೆ. ಕಳುಹಿಸದಿದ್ದರೆ "ನಿನಗೆ ಧರ್ಮಾಭಿಮಾನವಿಲ್ಲ" ಎಂದು ಹಿರಿಯರೇ ಗದರುತ್ತಾರೆ. ವಿಚಾರಿಸಿ ತಿಳಿಯುವವರೆಗೆ ಕಾಯುತ್ತೇನೆಂದು ಅವಳು ಹೇಳಿದರೆ ಅದು ಹೇಡಿತನವಲ್ಲ. 2018ರ ಸಂಪರ್ಕ ದಿನದ ಸಂದೇಶ ಸುಳ್ಳು ಸುದ್ದಿಯ ಕುರಿತಾಗಿಯೇ ಇತ್ತು. 2025ರ ಮೇ 12ರಂದು ಪತ್ರಕರ್ತರನ್ನು ಕಂಡ ಹೊಸ ಜಗದ್ಗುರು ಹದಿನಾಲ್ಕನೇ ಲಿಯೋ ಅವರು, ನಮ್ಮ ಮಾತುಗಳ ಕೈಯಿಂದ ಮೊದಲು ಆಯುಧ ಕೆಳಗಿಡಿಸಬೇಕೆಂಬ ಅರ್ಥದಲ್ಲಿ ಮಾತನಾಡಿದರು. ನಮ್ಮ ನೆರೆಯವರು ಬಹುತೇಕ ಅನ್ಯಧರ್ಮೀಯರು. ನಮ್ಮ ಹಲಗೆಯನ್ನು ಅವರೂ ಓದುತ್ತಾರೆ. 1843ರ ಜುಲೈ 1ರಂದು ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗರು ಹೊರತಂದ 'ಮಂಗಳೂರ ಸಮಾಚಾರ' ಊರ ವರ್ತಮಾನವನ್ನೂ ಸರಕಾರದ ಕಾನೂನುಗಳನ್ನೂ ಎಲ್ಲ ಮತದ ಓದುಗರಿಗೂ ಒದಗಿಸಿತು. ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದು ಆ ಬಗೆಯ ಕ್ರೈಸ್ತ ಕೈಯಲ್ಲಿ ಎಂಬುದನ್ನು ಮರೆಯಬಾರದು.

ಇವರಿಗೆ ಏನು ಬೇಕು ಎಂದರೆ ಪಾಲನಾ ಸಮಿತಿಗಳು ಕ್ಯಾಮೆರಾ, ಕಂಪ್ಯೂಟರು, ಒಂದು ದಿನದ ತರಬೇತಿ ಎನ್ನುತ್ತವೆ. ಬೇಡವೆನ್ನುವುದಿಲ್ಲ. ಆದರೆ ದಣಿದದ್ದು ಯಂತ್ರವಲ್ಲವಲ್ಲ! ಗುರುಗಳು ವಿಷಯವನ್ನು ಶನಿವಾರ ರಾತ್ರಿ ಹತ್ತಕ್ಕೆ ಹೇಳದೆ ಶುಕ್ರವಾರವೇ ಹೇಳಲಿ. ಚೀಟಿಯನ್ನು ಇನ್ನೊಬ್ಬರು ಒಮ್ಮೆ ಓದಿ ನೋಡಲಿ. ಗುಂಪಿನಲ್ಲಿಲ್ಲದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಆ ಮನೆಗಳನ್ನು ಹತ್ತಿರದ ಮನೆಗಳವರು ಹಂಚಿಕೊಳ್ಳಲಿ. ಸೇವೆ ಮಾಡುವವರಿಗೂ ಒಂದು ಮಾತು: ಚೀಟಿ ಓದುವ ಮುನ್ನ ಅದರಲ್ಲಿರುವ ಪ್ರತಿ ಹೆಸರಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸಿರಿ. ಸತ್ತವರ ಹೆಸರು, ಮದುವೆಯಾಗುವವರ ಹೆಸರು, ರೋಗಿಗಳ ಹೆಸರು. ಎರಡು ನಿಮಿಷ ಸಾಕು. ಹಾಗೆ ಮಾಡುವಾಗ ತಪ್ಪಾಗಿ ಬರೆದ ಹೆಸರೂ ಕಣ್ಣಿಗೆ ಬೀಳುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಜನವರಿ 24 ಸಂತ ಫ್ರಾನ್ಸಿಸ್ ದ ಸೇಲ್ಸರ ಸ್ಮರಣೆಯ ದಿನ. 1594ರಲ್ಲಿ ಷಾಬ್ಲೇ ಪ್ರಾಂತ್ಯಕ್ಕೆ ಹೋದಾಗ ಅವರ ಪ್ರಬೋಧನೆ ಕೇಳಲು ಜನ ಬರಲಿಲ್ಲ, ಬರಲು ಅಂಜಿದರು. ಅವರು ಹಾಳೆಗಳಲ್ಲಿ ಬರೆದು ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸಿ ಬಂದರು, ಸಾರ್ವಜನಿಕ ಸ್ಥಳಗಳಲ್ಲಿ ಅಂಟಿಸಿದರು. ಸಿಟ್ಟಿನ ಮಾತಿಗೆ ಸಿಟ್ಟು ಬೆರೆಸಲಿಲ್ಲ. 1923ರಲ್ಲಿ ಹನ್ನೊಂದನೇ ಪಿಯುಸರು ಅವರನ್ನು ಕಥೋಲಿಕ ಬರಹಗಾರರ ಪಾಲಕರೆಂದು ಸಾರಿದರು. ಮುಂದಿನ ಜನವರಿಯಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ದೇವಾಲಯಗಳಲ್ಲಿ ಈ ಸೇವೆಯವರನ್ನು ಹೆಸರು ಹಿಡಿದು ಬಲಿಪೀಠದ ಮುಂದೆ ಕರೆದು ಗುರುಗಳು ಆಶೀರ್ವದಿಸಲಿ ಎಂಬುದು ನನ್ನ ವಿನಂತಿ. ಶಾಲು, ಹಾರ, ಭಾಷಣ ಯಾವುದೂ ಬೇಡ. ಅಂದಿನ ಪ್ರಕಟಣೆಯನ್ನು ಮಾತ್ರ ಬೇರೆ ಯಾರಾದರೂ ಓದಲಿ.