ಶಾಲೆಯಿಂದ ಮುಚ್ಚಿಟ್ಟರೆ ಮಗುವನ್ನು ಕಾಯುವವರು ಯಾರು?

"ಹುಡುಗಿಗೆ ಸಕ್ಕರೆ ಕಾಯಿಲೆ ಇರುವುದನ್ನು ಶಾಲೆಯಲ್ಲಿ ಹೇಳಬೇಡಿ. ನಾಲ್ಕು ಜನರಿಗೆ ತಿಳಿದರೆ ನಾಳೆ ಮದುವೆಯ ಗತಿಯೇನು?" ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಮೊಹಲ್ಲಾಗಳಲ್ಲಿ ಬಂಧುಗಳಿಂದ ಬರುವ ಸಲಹೆಯಿದು. ಹಿತವಚನದಂತೆ ಕೇಳಿಸುವ ಈ ಮಾತು ಮಗುವಿನ ಪ್ರಾಣಕ್ಕೇ ಎರವಾಗಬಲ್ಲದು ಎಂದು ನಾವು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ಎಳೆಯರನ್ನು ಹೆಚ್ಚಾಗಿ ಕಾಡುವ ಒಂದನೇ ವಿಧದ ಮಧುಮೇಹವು ಸಿಹಿ ತಿಂದು ಬರುವುದಲ್ಲ; ತಾಯಿಯ ತಪ್ಪಿನಿಂದ ಬರುವುದೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಅಜ್ಜನ ಸಕ್ಕರೆ ಮಾತ್ರೆ ಮೊಮ್ಮಗಳಿಗೆ ಸಾಲದು. ಪ್ರತಿದಿನ ಇನ್ಸುಲಿನ್ ಬೇಕೇ ಬೇಕು. ತಾವೀಜು, ನಾಟಿ ಔಷಧಿಗಳನ್ನು ನೆಚ್ಚಿ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗು ಸಾವಿನ ದವಡೆಗೆ ಬೀಳುತ್ತದೆ. ಹಿಂದೆ ಹಂದಿ, ದನಗಳಿಂದ ಇನ್ಸುಲಿನ್ ತೆಗೆಯುತ್ತಿದ್ದುದು ನಿಜ. ಆದರೆ ಸೂಕ್ಷ್ಮಜೀವಿಗಳ ನೆರವಿನಿಂದ ತಯಾರಾಗುವ ಇನ್ಸುಲಿನ್‌ಗೆ 1982ರಲ್ಲೇ ಮಾನ್ಯತೆ ದೊರೆತು, ಇಂದು ಸಾಮಾನ್ಯವಾಗಿ ಅದೇ ಬಳಕೆಯಲ್ಲಿದೆ. ರೋಗ ಬಂದಾಗ ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಇನ್ನಾವ ನೆಪವಿದೆ?

ಮಗು ದಿನದ ಆರೇಳು ತಾಸು ಶಾಲೆಯಲ್ಲಿರುತ್ತದೆ. ಚುಚ್ಚುಮದ್ದು ತೆಗೆದುಕೊಂಡು ಊಟ ತಡವಾದರೆ ಅಥವಾ ಆಟ ಹೆಚ್ಚಾದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ. ಬೆವರು, ನಡುಕ, ಮಂಕು ಕವಿಯುತ್ತದೆ. ಒಡನೆಯೇ ಎರಡು-ಮೂರು ಚಮಚ ಸಕ್ಕರೆ ಬೆರೆಸಿದ ನೀರು ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಬೇಕು. ವಿಷಯವೇ ತಿಳಿಯದ ಶಿಕ್ಷಕರು ಇದನ್ನು ಸೋಮಾರಿತನವೆಂದು ಬಗೆದು ಗದರಿಸಿದರೆ ಅದರಲ್ಲಿ ಅರ್ಧ ತಪ್ಪು ನಮ್ಮದೇ.

ಉಳಿದರ್ಧ ವ್ಯವಸ್ಥೆಯದ್ದು. ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಇಂತಹ ಮಕ್ಕಳಿಗೆ ಅವಕಾಶ ನೀಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ನಮ್ಮ ಐದು ತಾಲೂಕುಗಳ ಎಷ್ಟು ಮುಖ್ಯೋಪಾಧ್ಯಾಯರ ಮೇಜಿಗೆ ಆ ಪತ್ರ ತಲುಪಿದೆ? 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು, ನಕಾಶೆ ಬದಲಾಯಿತು. ಆದರೆ ತಜ್ಞ ವೈದ್ಯರಿಗಾಗಿ ಬಡ ತಂದೆ ಇಂದಿಗೂ ದಾವಣಗೆರೆಯ ಇಲ್ಲವೇ ಬಳ್ಳಾರಿಯ ಬಸ್ಸು ಹತ್ತಬೇಕು. ಪ್ರತಿ ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರಿಗೆ ತರಬೇತಿ, ತಾಲೂಕು ಆಸ್ಪತ್ರೆಯಲ್ಲಿ ಕೊರತೆಯಿಲ್ಲದೆ ಇನ್ಸುಲಿನ್ ಮತ್ತು ಪರೀಕ್ಷಾ ಪಟ್ಟಿ: ಇದು ಭಿಕ್ಷೆಯಲ್ಲ, ಮಕ್ಕಳ ಹಕ್ಕು. ಎಸ್‌ಡಿಎಂಸಿ ಸಭೆಗಳಲ್ಲಿ ಪೋಷಕರು ಇದನ್ನು ಎತ್ತಲೇಬೇಕು.

ಸಮುದಾಯವೂ ತನ್ನನ್ನು ಪ್ರಶ್ನಿಸಿಕೊಳ್ಳಲಿ. ಮದುವೆಯ ದಾವತ್‌ಗೆ ಸಾಲ ಮಾಡುವ ನಮಗೆ ನೆರೆಮನೆಯ ಬಡ ಮಗುವಿನ ಪರೀಕ್ಷಾ ಪಟ್ಟಿಯ ಖರ್ಚು ಭಾರವೇ? ಅರ್ಹ ಕುಟುಂಬಗಳಿಗೆ ಝಕಾತ್‌ನ ನೆರವು ತಲುಪಲಿ. ಫ್ರಿಜ್ ಇಲ್ಲದ ಮನೆಯವರಿಗೆ ನೀರಿನಿಂದ ತಂಪಾಗಿಸಿದ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಡುವ ಕ್ರಮವನ್ನು ಯಾರಾದರೂ ತೋರಿಸಿಕೊಡಲಿ. ಖತೀಬರು ಒಂದು ಜುಮಾ ಪ್ರವಚನವನ್ನು ಈ ಮಕ್ಕಳಿಗಾಗಿ ಮೀಸಲಿಡಲಿ.

ಮಗು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಕಾಯಿಲೆ ಕಳಂಕವಲ್ಲ. ಮದುವೆಯ ಭಯದಿಂದ ಮಗಳ ಜೀವವನ್ನೇ ಪಣಕ್ಕಿಡುವವರು ಒಂದು ಮಾತು ನೆನಪಿಡಲಿ: ಮದುವೆಯಾಗಲು ಮೊದಲು ಆಕೆ ಬದುಕಿರಬೇಕು. ನಾಳೆ ಬೆಳಿಗ್ಗೆಯೇ ಶಾಲೆಗೆ ಹೋಗಿ ಶಿಕ್ಷಕರಿಗೆ ಎಲ್ಲವನ್ನೂ ತಿಳಿಸಿ.