ಟ್ರೌಟ್ ತೊರೆಗೆ ಹೊಲದ ಮಣ್ಣು



ನೀಲಗಿರಿಯ ತೊರೆಗಳಿಗೆ ಬ್ರಿಟಿಷರು ತಂದುಬಿಟ್ಟ ಟ್ರೌಟ್ ಮೀನಿಗೆ ತಣ್ಣನೆಯ, ತಿಳಿಯಾದ ನೀರೇ ಬೇಕು. ಅಲ್ಲಿನ ಅವಲಾಂಚ್‌ನಲ್ಲಿ ಅದರ ಮರಿ ಮಾಡುವ ಕೇಂದ್ರ ಕಟ್ಟಿದ್ದು ಅಂಥ ನೀರು ನೋಡಿಯೇ. ಆದರೆ ಬೆಟ್ಟದ ಇಳಿಜಾರಿನಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವ ಕಡೆ ಹಳ್ಳಗಳ ಸ್ಥಿತಿ ಬೇರೆ. ಸಾಲುಗಳನ್ನು ಇಳಿಜಾರಿನ ಉದ್ದಕ್ಕೇ ತೆಗೆದರೆ ಒಂದೇ ಜೋರು ಮಳೆಗೆ ಮೇಲ್ಮಣ್ಣು ಹಳ್ಳಕ್ಕಿಳಿಯುತ್ತದೆ. ಕ್ಯಾರೆಟ್ ತೊಳೆದ ಕೆಸರುನೀರೂ ಅಲ್ಲಿಗೇ. ಟ್ರೌಟ್ ಮೊಟ್ಟೆ ಇಡುವುದು ಹರಳುಕಲ್ಲುಗಳ ಸಂದಿಯಲ್ಲಿ. ನುಣ್ಣನೆಯ ಹೂಳು ಆ ಸಂದಿ ತುಂಬಿತೆಂದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಮಣ್ಣಿನ ಜತೆ ಬಂದ ಗೊಬ್ಬರದಿಂದ ಪಾಚಿ ಹಬ್ಬುತ್ತದೆ. ರಾತ್ರಿಯಾದರೆ ಅದೇ ಪಾಚಿ ನೀರಿನ ಆಮ್ಲಜನಕ ಹೀರುತ್ತದೆ. ದಡದ ಮರ ಕಡಿದಲ್ಲಿ ನೆರಳೂ ಇಲ್ಲ, ನೀರೂ ತಂಪಾಗಿರದು.

ಪರದೇಶದ ಮೀನಿನ ಚಿಂತೆ ನಮಗೇಕೆ ಎನ್ನಬೇಡಿ. ಮೀನಿಗೆ ಒಗ್ಗದ ನೀರನ್ನೇ ಕೆಳಗಿನ ಊರುಗಳು ಕುಡಿಯಬೇಕು. ಭವಾನಿಯ ಮೂಲಕ ಕಾವೇರಿ ಸೇರುವುದೂ ಈ ನೀರೇ. ರೈತರನ್ನಷ್ಟೇ ದೂರುವುದು ಅನ್ಯಾಯ. ತುಂಡು ಹಿಡುವಳಿಯಲ್ಲಿ ದಡದ ಒಂದು ಪಟ್ಟಿ ಬಿಟ್ಟುಕೊಟ್ಟರೂ ಅವರಿಗೆ ನಷ್ಟವೇ. ಹಾಗಾಗಿ ಇಳಿಜಾರಿಗೆ ಅಡ್ಡವಾದ ಬದು, ದಡದಲ್ಲಿ ಹುಲ್ಲು, ಕ್ಯಾರೆಟ್ ತೊಳೆಯುವಲ್ಲಿ ಕೆಸರು ತಂಗಲು ಗುಂಡಿ, ಇವಕ್ಕೆ ಸರ್ಕಾರ ಮುಂಗಾರಿಗೆ ಮೊದಲೇ ಸಹಾಯಧನ ಕೊಡಲಿ.

– ಓರ್ವ ಓದುಗ, ಗುಂಡ್ಲುಪೇಟೆ